ಗೆಟಪ್ ಇದೆ, ಬ್ರೇಕ್ ನೋಡಣ

ಎದುರುಮನೆ ಹುಡುಗ ಹಳೇ ಬೊಲೆರೊ ಪಿಕಪ್ ತಂದಿದ್ದಾನೆ. ಮಾರಿಸಿದ ಬ್ರೋಕರ್ ಪ್ರಕಾರ ‘ಸಿಂಗಲ್ ಓನರ್’ ಗಾಡಿ. ಒಬ್ಬನೇ ಓನರ್ ಕೈಯಲ್ಲಿ ಇಷ್ಟೊಂದು ಪೆಟ್ಟು ತಿಂದ ಗಾಡಿಯನ್ನು ನಾನು ಕಂಡಿಲ್ಲ.

ಬಿಳೀ ಬಣ್ಣ, ಹಳದಿ ಬೋರ್ಡು, ಹಿಂದೆ ಖಾಲಿ ಬಾಡಿ. ಮಾಲು ಹೊರುವ ಗಾಡಿ ಹೀಗೇ ಇರಬೇಕು. ಆದರೆ ಹುಡುಗನಿಗೆ ಅದೇ ಅವಮಾನ. ‘ಗೆಟಪ್ಪೇ ಇಲ್ಲ ಮೇಷ್ಟ್ರೇ’ ಅಂದ. ಮಾರನೇ ದಿನದಿಂದ ನಮ್ಮ ಬೀದಿ ಗ್ಯಾರೇಜಾಯಿತು.

ಬಾಗಿಲ ಕೆಳಗೆ ತುಕ್ಕು ತಿಂದು ಅಂಗೈಯಗಲ ತೂತು. ಕತ್ತರಿಸಿ, ಹೊಸ ತಗಡು ಕೊಟ್ಟು ವೆಲ್ಡಿಂಗ್ ಮಾಡಿಸಬೇಕಾದ ಜಾಗ. ಹುಡುಗ ಹಳೇ ಪೇಪರನ್ನು ಉಂಡೆ ಕಟ್ಟಿ ತುರುಕಿದ. ಮೇಲೆ ಎಂ-ಸೀಲ್. ಅದರ ಮೇಲೆ ಪುಟ್ಟಿ. ಉಪ್ಪುಕಾಗದಕ್ಕೆ ನೀರು ಹಚ್ಚಿ ಅರ್ಧ ದಿನ ಉಜ್ಜಿದ. ಎರಡು ಕೋಟ್ ಬಣ್ಣ ಹೊಡೆದ. ತೂತು ಮಾಯ. ರಸ್ತೆಗುಂಡಿ ಮುಚ್ಚುವ ಕಂಟ್ರಾಕ್ಟರ್ ನೋಡಿದ್ದರೆ ಕರೆದು ಕೆಲಸ ಕೊಡುತ್ತಿದ್ದ.

ಆ ಪೇಪರಿನಲ್ಲಿ ರಸ್ತೆ ಸುರಕ್ಷತಾ ಸಪ್ತಾಹದ ಜಾಹೀರಾತಿತ್ತು. ಈ ಗಾಡಿಯೊಳಗೆ ಸುರಕ್ಷತೆ ಅಂತ ಏನಾದರೂ ಹೋಗಿದ್ದರೆ ಅದೊಂದೇ.

ಆಮೇಲೆ ಶೃಂಗಾರ. ಮುಂದೆ ಬುಲ್ ಗಾರ್ಡ್. ತಲೆಯ ಮೇಲೆ ಆರು ಎಲ್‌ಇಡಿ, ಎದುರಿನವನಿಗೆ ಕಣ್ಣು ಕಾಣಬಾರದು ಅಷ್ಟೇ. ಐದು ರಾಗದ ಹಾರ್ನು. ಕ್ಯಾಬಿನ್ ಒಳಗೆ ನೀಲಿ ಲೈಟು, ಮಖಮಲ್ಲು, ಸೀಟಿನ ಹಿಂದೆ ಮಗುವನ್ನು ಮಲಗಿಸಬಹುದಾದಷ್ಟು ದೊಡ್ಡ ಸ್ಪೀಕರ್. ಗಾಜಿನ ಮೇಲೆ ಇಷ್ಟುದ್ದ ಅಕ್ಷರ: ‘ಅಮ್ಮನ ಆಶೀರ್ವಾದ’. ಕೆಳಗೊಂದು ಜೊತೆ ಕಣ್ಣು, ದೃಷ್ಟಿಗೆ. ಇಷ್ಟೆಲ್ಲ ಅಂಟಿಸಿದ ಮೇಲೆ ಡ್ರೈವರಿಗೆ ರಸ್ತೆ ನೋಡಲು ಗಾಜು ಎಷ್ಟು ಉಳಿಯಿತು ಅನ್ನುವುದು ಸಣ್ಣತನದ ಪ್ರಶ್ನೆ.

ಟೈರು ಬೋಳು. ಅದಕ್ಕೂ ಪಾಲಿಷ್ ಹಚ್ಚಿದ, ಕರ‍್ರಗೆ ಮಿಂಚುವ ಹಾಗೆ. ಬೋಳುತಲೆಗೆ ಕೊಬ್ಬರಿ ಎಣ್ಣೆ.

‘ಬ್ರೇಕ್ ಲೈನರ್ ನೋಡಿದೆಯೇನಪ್ಪಾ?’ ಅಂದೆ.

‘ಸೌಂಡ್ ಬಂದ್ಮೇಲೆ ನೋಡಣ ಬಿಡಿ ಮೇಷ್ಟ್ರೇ.’

ಸೌಂಡ್ ಬಂದರೆ ಕೇಳಿಸುವುದು ಹೇಗೆ? ಸ್ಪೀಕರ್ ಇದೆಯಲ್ಲ.

ಕಾನೂನು ಇಲ್ಲವೇ? ಧಾರಾಳವಾಗಿದೆ. ಕಂಪನಿ ಕೊಟ್ಟ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಬುಲ್ ಗಾರ್ಡ್ ಕೀಳಿಸಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ನಡೆದು ಹೋಗುವವನಿಗೆ ಬಡಿದರೆ ಆ ಕಬ್ಬಿಣ ಬಗ್ಗುವುದಿಲ್ಲ, ಮನುಷ್ಯನೇ ಬಗ್ಗಬೇಕು. ಮೋಟಾರು ವಾಹನ ಕಾಯ್ದೆಯ 182ಎ ಕಲಂ ಪ್ರಕಾರ ಅಕ್ರಮವಾದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹುಡುಗನ ಗಾಡಿಗೆ ಎಷ್ಟಾಗುತ್ತದೆ ಎಂದು ಎಣಿಸಲು ಹೋಗಿ ಬೆರಳು ಸಾಲದೆ ಕೈಬಿಟ್ಟೆ.

ಆದರೆ ಬುಲ್ ಗಾರ್ಡನ್ನು ಹುಡುಗ ಕಳ್ಳಸಂತೆಯಲ್ಲಿ ತಂದಿದ್ದಲ್ಲ. ಮೇನ್ ರೋಡಿನ ಅಂಗಡಿಯಲ್ಲಿ, ಜಿಎಸ್‌ಟಿ ಬಿಲ್ಲಿನ ಜೊತೆ ತಂದ. ಮಾರುವಾಗ ಸರಕಾರ ತೆರಿಗೆ ತಗೊಳ್ಳುತ್ತದೆ. ಹಾಕಿಕೊಂಡರೆ ದಂಡ ತಗೊಳ್ಳುತ್ತದೆ. ಎರಡು ಕೈಯಲ್ಲೂ ಬಾಚುವುದು ಅಂದರೆ ಇದೇ.

ಎಫ್‌ಸಿ ದಿನ ಬಂತು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿ ವರ್ಷಕ್ಕೊಮ್ಮೆ ಗಟ್ಟಿಮುಟ್ಟಾಗಿದೆ ಎಂದು ಸಾಬೀತು ಮಾಡಬೇಕು. ಹಿಂದಿನ ರಾತ್ರಿಯೇ ಬುಲ್ ಗಾರ್ಡ್, ಲೈಟು, ಹಾರ್ನು, ಸ್ಪೀಕರ್ ಎಲ್ಲ ಕಳಚಿ ನನ್ನ ಜಗಲಿಗೆ ಬಂದವು. ‘ಒಂದಿನ ಇರ‍್ಲಿ ಮೇಷ್ಟ್ರೇ.’ ಒಳ್ಳೆಯ ಟೈರು ನಾಲ್ಕು ಬಾಡಿಗೆಗೆ ತಂದ. ಫಸ್ಟ್ ಏಡ್ ಡಬ್ಬಿಯೂ ಬಾಡಿಗೆಯದೇ. ಹೊಸದು ಅಂದರೆ ಅಂಟಿಸಿದ ರಿಫ್ಲೆಕ್ಟರ್ ಪಟ್ಟಿ ಮಾತ್ರ. ಗಾಡಿ ಅವತ್ತು ಒಂದು ದಿನ ಸಭ್ಯ ನಾಗರಿಕನಾಗಿತ್ತು. ಪಾಸಾಯಿತು.

ಸಂಜೆ ಹೊತ್ತಿಗೆ ಟೈರು ವಾಪಸ್ಸು, ಡಬ್ಬಿ ವಾಪಸ್ಸು, ಜಗಲಿ ಖಾಲಿ. ಬುಲ್ ಗಾರ್ಡ್ ಬಿಗಿಯಲು ನನ್ನದೇ ಸ್ಪಾನರ್ ಕೇಳಿ ಇಸಕೊಂಡ. ಕೊಟ್ಟೆ. ಆಯಿತು, ನಾನೂ ಕಳ್ಳನೇ.

ಮೊನ್ನೆ ಭಾನುವಾರ ದೇವಸ್ಥಾನಕ್ಕೆ ಹೊರಟರು. ಬೀಗರು, ನೆಂಟರು, ಮಕ್ಕಳು ಸೇರಿ ಇಪ್ಪತ್ತು ಜನ ಹಿಂದಿನ ಬಾಡಿಯಲ್ಲಿ. ತೆಂಗಿನಕಾಯಿ, ಟೊಮೆಟೊ ಕ್ರೇಟು ಹೇರುವ ಜಾಗ. ಕೂರಲು ಒಂದು ಜಮಖಾನ ಹಾಸಿದ್ದರು. ನಾಲ್ಕೂ ಗಾಲಿಗೂ ನಿಂಬೆಹಣ್ಣು ಇಟ್ಟಿದ್ದರು. ಸರ್ಕಲ್‌ನಲ್ಲಿ ಪೊಲೀಸಿನವನು ನಿಲ್ಲಿಸಿದ, ಗಾಜಿನ ಮೇಲೆ ಬರೆದದ್ದನ್ನು ಓದಿದ, ಸ್ಟಿಕ್ಕರ್‌ಗೆ ಐನೂರು ಕೇಳಿದನಂತೆ. ಹಿಂದಿದ್ದ ಇಪ್ಪತ್ತು ಜನ ಅವನ ಕಣ್ಣಿಗೆ ಬೀಳಲಿಲ್ಲ.

ಡ್ರೈವರ್ ಪಕ್ಕದ ಮಖಮಲ್ಲಿನ ಸೀಟಿನಲ್ಲಿ ಹುಡುಗನ ಇಬ್ಬರು ಸ್ನೇಹಿತರು ಕೂತಿದ್ದರು. ಅವನ ತಾಯಿ ಹಿಂದೆ, ಬಾಡಿಯ ಮೂಲೆಯಲ್ಲಿ, ಒಂದು ಕೈಯಲ್ಲಿ ಹೂವಿನ ಬುಟ್ಟಿ, ಇನ್ನೊಂದರಲ್ಲಿ ಟಾರ್ಪಾಲು ಕಟ್ಟುವ ಹಗ್ಗ ಹಿಡಿದು ಕೂತಿದ್ದರು. ಉಬ್ಬು ಬಂತು. ಗಾಡಿ ನಿಧಾನವಾಯಿತು. ಹಿಂದಿನ ಬ್ರೇಕ್ ಲೈಟು ಹತ್ತಲಿಲ್ಲ.