ಮಂದಗತಿಯ ಮೂರು ಸಂವತ್ಸರ

ತನಗೆ ವ್ಯಾಧಿಯುಂಟೆಂಬ ಸಂಗತಿಯನ್ನರಿಯದೆ ಉಂಡು, ಉಟ್ಟು, ಮಧ್ಯಾಹ್ನ ಒಂದು ನಿದ್ದೆ ತೆಗೆದು ಸುಖವಾಗಿದ್ದ ಗೃಹಸ್ಥನೊಬ್ಬನು, ಬೀದಿಯಲ್ಲಿ ಎದುರಾದ ವೈದ್ಯಮಿತ್ರನು ಲೋಕಾಭಿರಾಮವಾಗಿ ನಾಡಿ ಹಿಡಿದು ನೋಡಿ 'ಹೂಂ' ಎಂದ ಮಾತ್ರಕ್ಕೆ ಆ ಕ್ಷಣದಿಂದಲೇ ಹಾಸಿಗೆ ಹಿಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ನನ್ನ ಮೇಜಿನ ಮೇಲಿನ ಗಣಕಯಂತ್ರಕ್ಕೆ ಅಂಥ ನಾಡಿಪರೀಕ್ಷೆ ಮಾಡಿದವನು ನನ್ನ ತಂಗಿಯ ಮಗ. ಬೇಸಗೆಯ ರಜೆಯಲ್ಲಿ ಮಾವಿನಹಣ್ಣಿನ ಸೀಕರಣೆಯನ್ನು ಉದ್ದೇಶಿಸಿ ನಮ್ಮ ಮನೆಗೆ ದಯಮಾಡಿಸಿದ್ದ ಈ ಇಂಜಿನಿಯರಿಂಗ್ ವಿದ್ಯಾರ್ಥಿಯು, ಎರಡನೆಯ ಬಟ್ಟಲಿಗೂ ಮೂರನೆಯ ಬಟ್ಟಲಿಗೂ ನಡುವೆ ದೊರೆತ ವಿರಾಮದಲ್ಲಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಅದುಮಿ, ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿಯನ್ನು ತೆರೆದು, ಅಲ್ಲಿ ಪರ್ಫಾರ್ಮೆನ್ಸ್ ಎಂಬ ಪುಟವನ್ನೂ ಆ ಪುಟದಲ್ಲಿ ಮೆಮೊರಿ ಎಂಬ ಸಾಲನ್ನೂ ಹಿಡಿದು, ಕೆಳಗೆ ಸಣ್ಣಕ್ಷರದಲ್ಲಿದ್ದ ಒಂದು ಅಂಕಿಯ ಮೇಲೆ ಬೆರಳಿಟ್ಟು 'ಹೂಂ' ಎಂದನು.

"ಮಾವ, ನಿನ್ನ ಮೆಮೊರಿ ತುಂಬಾ ಸ್ಲೋ."

ಈ ಮಾತನ್ನು ನನ್ನ ಸ್ವಂತ ಜ್ಞಾಪಕಶಕ್ತಿಯ ಮೇಲಿನ ಟೀಕೆಯೆಂದು ಭಾವಿಸಿ ನಾನು ಕೆರಳಿದೆನೆಂದು ಇಲ್ಲಿ ಬರೆದರೆ ಓದುಗರಿಗೆ ನಗಲು ಅನುಕೂಲವಾದೀತು, ಆದರೆ ಆ ವಿನೋದವನ್ನು, ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಧರ್ಮಪತ್ನಿಯು "ಅದನ್ನ ಹೇಳೋದಕ್ಕೆ ಕಂಪ್ಯೂಟರ್ ಯಾಕೆ ಬೇಕಾಗಿತ್ತು?" ಎಂದು ಆಗಲೇ ಆಡಿ ಮುಗಿಸಿದ್ದರಿಂದ ನನ್ನ ಪಾಲಿಗೆ ಏನೂ ಉಳಿಯಲಿಲ್ಲ.

ಆ ಅಂಕಿ 2133. ಯಾವ ವಸ್ತುವನ್ನು ಕೊಂಡರೂ ಅದು ಬಂದ ಪೆಟ್ಟಿಗೆಯನ್ನು ಬಿಸಾಡದೆ ಅಟ್ಟದ ಮೇಲೆ ಪೇರಿಸಿಡುವ ಜಾತಿಯವನು ನಾನಾದುದರಿಂದ, ರ‍್ಯಾಮ್ ಪಟ್ಟಿಯ ಪ್ಲಾಸ್ಟಿಕ್ ಸಂಪುಟವನ್ನು ಹುಡುಕಿ ತರುವುದು ಕಷ್ಟವಾಗಲಿಲ್ಲ. ಅದರ ಮೇಲೆ ಬೆಳ್ಳಿಯ ಬಣ್ಣದಲ್ಲಿ, ಅರಸನ ಮುಂದೆ ಸಾರುವ ಬಿರುದಾವಳಿಯಂತೆ, ಡಿಡಿಆರ್4, 3200, ಸಿಎಲ್16, 1.35 ವೋಲ್ಟ್ ಎಂದು ಮುದ್ರಿತವಾಗಿತ್ತು. 3200ರಲ್ಲಿ 2133 ಎಂದರೆ ಸರಿಸುಮಾರು ಮೂರರಲ್ಲಿ ಎರಡು ಪಾಲು. "ಮೂರು ವರ್ಷ ಎಕ್ಸ್‌ಪ್ರೆಸ್ ಟಿಕೆಟ್ ತೊಗೊಂಡು ಪ್ಯಾಸೆಂಜರಲ್ಲಿ ಕೂತಿದೀಯ ಮಾವ. ಬಯಾಸ್‌ಗೆ ಹೋಗಿ ಸರಿಮಾಡ್ಕೋ, ಎರಡು ನಿಮಿಷದ ಕೆಲಸ" ಎಂದು ತೀರ್ಪಿತ್ತು, ಮೂರನೆಯ ಬಟ್ಟಲನ್ನು ಬರಿದುಮಾಡಿ, ಅವನು ರಾತ್ರಿಯ ರೈಲಿಗೆ ಹುಬ್ಬಳ್ಳಿಗೆ ಹೊರಟುಹೋದನು. ಎರಡು ನಿಮಿಷದ ಕೆಲಸವೆಂದು ಹೇಳುವವನು ಯಾವಾಗಲೂ ಊರಿಗೆ ಹೊರಟು ನಿಂತವನೇ ಆಗಿರುತ್ತಾನೆಂಬುದನ್ನು ನಾನು ಬೇರೆ ಸಂದರ್ಭಗಳಲ್ಲಿಯೂ ಗಮನಿಸಿದ್ದೇನೆ.

ನಿನ್ನೆಯವರೆಗೆ ಸರಾಗವಾಗಿ ಮೂಡುತ್ತಿದ್ದ ಅಕ್ಷರಗಳು ಅಂದಿನಿಂದ, ಸಾಲಗಾರನು ಸಾಹುಕಾರನ ಬಾಗಿಲಿಗೆ ಬರುವಂತೆ, ಹಿಂದೆಮುಂದೆ ನೋಡಿಕೊಂಡು ತೆರೆಯ ಮೇಲೆ ಬರುತ್ತಿರುವಂತೆ ನನಗೆ ಭಾಸವಾಗತೊಡಗಿತು. ಸೋದರಳಿಯನ ಮಾತನ್ನು ಇನ್ನೊಂದು ಸಾಕ್ಷಿಯಿಂದ ಪರಾಮರ್ಶಿಸಿ ನೋಡೋಣವೆಂದು, ಇಂಥ ಪರೀಕ್ಷೆಗಳಲ್ಲಿ ಪ್ರಾಮಾಣಿಕವೆಂದು ಪ್ರಸಿದ್ಧವಾಗಿರುವ ಸಿಪಿಯು-ಝಡ್ ಎಂಬ ಪುಟ್ಟ ತಂತ್ರಾಂಶವನ್ನು ತರಿಸಿ, ಅದರ ಮೆಮೊರಿ ಪುಟವನ್ನು ತೆರೆದರೆ, ಅಲ್ಲಿ ಕಂಡ ಅಂಕಿ 1066! ಒಂದೇ ರಾತ್ರಿಯಲ್ಲಿ ನನ್ನ ಯಂತ್ರದ ವೇಗವು ಮೂರರಲ್ಲಿ ಎರಡು ಪಾಲಿನಿಂದ ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು.

ಆ ರಾತ್ರಿ ನನಗೆ ನಿದ್ದೆ ಬಾರದ್ದರಿಂದಲೇ ಇದರ ರಹಸ್ಯವು ತಿಳಿಯಿತು. ಗಡಿಯಾರದ ಒಂದೊಂದು ಮಿಡಿತಕ್ಕೂ ಒಂದು ಏರು, ಒಂದು ಇಳಿತ ಉಂಟಷ್ಟೆ. ಹಿಂದಿನ ತಲೆಮಾರಿನ ಮೆಮೊರಿಯು ಏರಿನಲ್ಲಿ ಮಾತ್ರ ದತ್ತಾಂಶವನ್ನು ಸಾಗಿಸುತ್ತಿದ್ದರೆ, ಡಬಲ್ ಡೇಟಾ ರೇಟ್ ಎಂಬ ಅನ್ವರ್ಥನಾಮವನ್ನು ಹೊತ್ತ ಈ ತಳಿಯು ಏರಿನಲ್ಲೊಮ್ಮೆ, ಇಳಿತದಲ್ಲೊಮ್ಮೆ, ಹೀಗೆ ಮಿಡಿತಕ್ಕೆರಡು ಬಾರಿ ಸಾಗಿಸುತ್ತದೆ. ಒನಕೆಯನ್ನು ಮೇಲೆತ್ತುವಾಗಲೂ ಒಂದು ಪೆಟ್ಟು ಭತ್ತಕ್ಕೆ ಬೀಳುವ ಹಾಗೆ. ಆದುದರಿಂದ ಗಡಿಯಾರವನ್ನು ಲೆಕ್ಕ ಹಾಕುವ ಸಿಪಿಯು-ಝಡ್ 1066 ಎನ್ನುತ್ತದೆ, ಪೆಟ್ಟುಗಳನ್ನು ಲೆಕ್ಕ ಹಾಕುವ ಟಾಸ್ಕ್ ಮ್ಯಾನೇಜರ್ 2133 ಎನ್ನುತ್ತದೆ, ಇಬ್ಬರೂ ಸತ್ಯವಂತರೇ. ಸತ್ಯವನ್ನು ಸ್ವಲ್ಪ ಬಗ್ಗಿಸುವವರು ಅಂಗಡಿಯವರು: ಅವರು 3200 ಮೆಗಾಹರ್ಟ್ಸ್ ಎಂದು ಕೂಗುವುದು ವಾಸ್ತವವಾಗಿ 1600 ಮೆಗಾಹರ್ಟ್ಸಿನ ಗಡಿಯಾರಕ್ಕೆ, ಸೆಕೆಂಡಿಗೆ 3200 ಮೆಗಾ ಟ್ರಾನ್ಸ್‌ಫರಿಗೆ. ವಿಂಡೋಸ್ 11 ಕೂಡ ಬಹುಕಾಲ ಈ ತಪ್ಪನ್ನೇ ಬರೆಯುತ್ತಿದ್ದು, ಈಚಿನ ಆವೃತ್ತಿಗಳಲ್ಲಿ ಅದನ್ನು ತಿದ್ದಿಕೊಂಡಿದೆ.

ಅದೇ ರಾತ್ರಿ ಇನ್ನೊಂದು ವಿಷಯವನ್ನೂ ತಿಳಿದುಕೊಂಡೆನು. ಅದು ನನ್ನ ವ್ಯಾಜ್ಯಕ್ಕೆ ಸಂಬಂಧಪಟ್ಟುದಲ್ಲವಾದರೂ ಹೇಳದೆ ಬಿಡಲು ಮನಸ್ಸೊಪ್ಪದು. ಐಬಿಎಂ ಸಂಸ್ಥೆಯಲ್ಲಿದ್ದ ರಾಬರ್ಟ್ ಡೆನ್ನಾರ್ಡ್ ಎಂಬ ವಿಜ್ಞಾನಿಯು ಒಂದು ಟ್ರಾನ್ಸಿಸ್ಟರು, ಒಂದು ಕೆಪಾಸಿಟರು, ಇವಿಷ್ಟರಲ್ಲೇ ಒಂದು ಬಿಟ್ಟಿನಷ್ಟು ಮಾಹಿತಿಯನ್ನು ಕೂಡಿಡುವ ಉಪಾಯವನ್ನು ಕಂಡು 1968ರಲ್ಲಿ ಪೇಟೆಂಟ್ ಪಡೆದನು. ಇಂದಿನ ರ‍್ಯಾಮ್ ಪಟ್ಟಿಗಳೆಲ್ಲ ಆ ವಂಶದವೇ. ಆದರೆ ಆ ಕೆಪಾಸಿಟರೆಂಬುದು ತಳದಲ್ಲಿ ಬಿರುಕುಬಿಟ್ಟ ಮಡಕೆ. ತುಂಬಿದ ವಿದ್ಯುದಂಶವು ತಾನಾಗಿಯೇ ಸೋರಿಹೋಗುತ್ತಿರುವುದರಿಂದ, ಪ್ರತಿಯೊಂದು ಸಾಲನ್ನೂ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಓದಿ ಮತ್ತೆ ತುಂಬಬೇಕು. ಅಂದರೆ ಸೆಕೆಂಡಿಗೆ ಹದಿನೈದು ಬಾರಿಯಾದರೂ, ಎಂಟರ ಮಗ್ಗಿಯನ್ನು ಒಪ್ಪಿಸುವ ಹುಡುಗನಂತೆ, ಯಂತ್ರವು ತಾನು ಬಲ್ಲುದನ್ನೆಲ್ಲ ಮೊದಲಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿರಬೇಕು, ತಪ್ಪಿದರೆ ಮರೆತುಬಿಡುತ್ತದೆ. ಮರೆವನ್ನೇ ಸ್ವಭಾವವಾಗಿ ಪಡೆದ ಈ ಪದಾರ್ಥಕ್ಕೆ ನೆನಪೆಂದು ಹೆಸರಿಟ್ಟವರ ಧೈರ್ಯವನ್ನು ಮೆಚ್ಚಬೇಕು.

ಇನ್ನು, 3200ರ ಪಟ್ಟಿಯು 2133ರಲ್ಲಿ ಓಡುವುದೇಕೆ? ಪ್ರತಿಯೊಂದು ಪಟ್ಟಿಯ ಮೇಲೂ ಎಸ್‌ಪಿಡಿ ಎಂಬ ಕಡಲೆಕಾಳಿನಷ್ಟು ಗಾತ್ರದ ಒಂದು ಚಿಪ್ ಇದ್ದು, ಅದರಲ್ಲಿ ಆ ಪಟ್ಟಿಯ ಜಾತಕವು ಬರೆಯಲ್ಪಟ್ಟಿರುತ್ತದೆ. ಅದು ಒಂದಲ್ಲ, ಎರಡು ಜಾತಕ. ಮೊದಲನೆಯದು 1958ರಿಂದ ನಡೆದುಬಂದಿರುವ ಜೆಡೆಕ್ ಎಂಬ ಮಾನಕ ಸಂಸ್ಥೆಯ ಕಟ್ಟಳೆಗೆ ಒಳಪಟ್ಟ, ಯಾವ ಮನೆಯಲ್ಲಿಯೂ ಹೊಂದಿಕೊಂಡು ಹೋಗುವೆನೆಂಬ ವಿನಯದ ಜಾತಕ. ನನ್ನ ಪಟ್ಟಿಯಲ್ಲಿ ಅದು 2133 ಮತ್ತು 1.2 ವೋಲ್ಟ್ ಎಂದಷ್ಟೇ ಹೇಳುತ್ತಿತ್ತು. ಎರಡನೆಯದು ಇಂಟೆಲ್ ಸಂಸ್ಥೆಯು 2007ರಲ್ಲಿ ರೂಢಿಗೆ ತಂದ ಎಕ್ಸ್‌ಎಂಪಿ ಎಂಬ ಪುಟ. ಪೆಟ್ಟಿಗೆಯ ಮೇಲಿನ ಬಿರುದುಗಳೆಲ್ಲ ಇದರಿಂದಲೇ ಇಳಿದು ಬಂದವು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ನಮ್ಮವರ ಮಾತನ್ನು ಮದರ್‌ಬೋರ್ಡು ಎಲ್ಲಿಯೋ ಕೇಳಿರಬೇಕು. ಮನೆಯ ಯಜಮಾನನು ಬಯಾಸ್ ಎಂಬ, ಮದರ್‌ಬೋರ್ಡಿನ ಸ್ವಂತ ವ್ಯವಸ್ಥೆಯೊಳಕ್ಕೆ ಬಂದು ತನ್ನ ಕೈಯಿಂದ ಒಪ್ಪಿಗೆಯ ಮುದ್ರೆಯೊತ್ತುವವರೆಗೆ ಅದು ಎರಡನೆಯ ಜಾತಕವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ನಾನು ಮೂರು ವರ್ಷಗಳಿಂದ ಆ ಮುದ್ರೆಯನ್ನೊತ್ತದ ಯಜಮಾನ.

ಸಿಪಿಯು-ಝಡ್‌ನಲ್ಲಿ ಈ ಜಾತಕಗಳನ್ನು ಓದುತ್ತಿರುವಾಗಲೇ ಇನ್ನೊಂದು ಗುಟ್ಟು ಬಯಲಾಯಿತು. ನನ್ನ ಯಂತ್ರದಲ್ಲಿ ಇದ್ದದ್ದು ಎರಡು ಪಟ್ಟಿ. ಮೊದಲನೆಯದು ಯಂತ್ರದೊಂದಿಗೆ ಬಂದ 3200ರ ಬಿರುದಾಂಕಿತ. ಎರಡನೆಯದು ಒಂದು ವರ್ಷದ ತರುವಾಯ ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಅಂಗಡಿಯೊಂದರಲ್ಲಿ, "ಎಲ್ಲಾ ಒಂದೇ ಸಾರ್, ಹಾಕಿದ್ರೆ ಓಡತ್ತೆ" ಎಂಬ ವೇದವಾಕ್ಯದೊಡನೆ ನನಗೆ ದಯಪಾಲಿಸಲ್ಪಟ್ಟ ಬಡಪಾಯಿ. ಹೊಳೆಯುವ ಕವಚವಿಲ್ಲ, ಎಕ್ಸ್‌ಎಂಪಿ ಇಲ್ಲ. ಆದರೆ ತನ್ನ ವಿನಯದ ಜಾತಕದಲ್ಲಿಯೇ 2666 ಎಂದು ಬರೆದುಕೊಂಡು ಬಂದಿತ್ತು. ಜೋಡಿ ಪಟ್ಟಿಗಳು ಇಬ್ಬರಿಗೂ ಸಾಧ್ಯವಾದ ಹೆಜ್ಜೆಯಲ್ಲಿಯೇ ನಡೆಯಬೇಕೆಂಬುದು ನಿಯಮವಾದ್ದರಿಂದ, ಎತ್ತು ಏರಿಗೆ, ಕೋಣ ನೀರಿಗೆ ಎಂದು ಎಳೆದಾಡುವಲ್ಲಿ, ಸಭೆಯಲ್ಲಿ 3200 ಎಂದು ಮೆರೆಯುತ್ತಿದ್ದ ಶ್ರೀಮಂತ ಪಟ್ಟಿಯೇ ನೊಗದಲ್ಲಿ 2133ರ ಮೇಲೆ ಹೆಜ್ಜೆಯಿಡದೆ, 2666ಕ್ಕೆ ಸಿದ್ಧವಾಗಿದ್ದ ಬಡಪಟ್ಟಿಯನ್ನು ಎರಡು ವರ್ಷಗಳ ಕಾಲ ಹಿಂದಕ್ಕೆ ಜಗ್ಗಿ ಹಿಡಿದಿತ್ತು. ಮನುಷ್ಯರಲ್ಲಿ ಇಂಥ ಜೋಡಿಗಳನ್ನು ನಾನು ಕಂಡಿಲ್ಲವೆಂದಲ್ಲ; ಒಂದು ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲಿ ಮೂವತ್ತು ವರ್ಷ ಕುಳಿತವನು ನಾನು.

ಬೆಳಗಾಯಿತು. ಬಯಾಸನ್ನು ಪ್ರವೇಶಿಸಬೇಕಾದರೆ, ಯಂತ್ರಕ್ಕೆ ವಿದ್ಯುತ್ತು ಹರಿದ ಕ್ಷಣಕ್ಕೂ ವಿಂಡೋಸಿನ ಲಾಂಛನವು ಮೂಡುವ ಕ್ಷಣಕ್ಕೂ ನಡುವಣ ಅಲ್ಪಾವಕಾಶದಲ್ಲಿ, ಅಭಿಜಿನ್ಮುಹೂರ್ತವನ್ನು ಹಿಡಿಯುವ ಪುರೋಹಿತನ ಎಚ್ಚರದಿಂದ, ಡಿಲೀಟ್ ಕೀಲಿಯನ್ನು ಒತ್ತಬೇಕು. ಮಂದಗತಿಯದೆಂದು ನಾನು ಯಾವುದನ್ನು ಕುರಿತು ರಾತ್ರಿಯೆಲ್ಲ ಶೋಕಿಸಿದ್ದೆನೋ ಆ ಯಂತ್ರವು ನಾಲ್ಕು ಸಲವೂ ನನ್ನ ಬೆರಳಿಗಿಂತ ಮೊದಲೇ ಓಡಿ ವಿಂಡೋಸನ್ನು ಸೇರಿಕೊಂಡಿತು. ಐದನೆಯ ಸಲ, ಬಾಗಿಲು ತಟ್ಟುವ ಅಂಚೆಯವನಂತೆ ಬಿಡದೆ ಕುಟ್ಟಿದ ಮೇಲೆ, ಒಳಗೆ ಬಿಟ್ಟಿತು. ಡಿರ‍್ಯಾಮ್ ಫ್ರೀಕ್ವೆನ್ಸಿ ಎಂಬ ಪಟ್ಟಿಕೆಯನ್ನು ಬಿಚ್ಚಿ ನೋಡಿದೆನು: 2133, 2400, 2666. ಅಷ್ಟೇ, ಪಟ್ಟಿಕೆ ಅಲ್ಲಿಗೆ ಮುಗಿದಿತ್ತು. 3200 ಎಲ್ಲಿ?

ಅದು ಎಲ್ಲಿಯೂ ಇರಲಿಲ್ಲ. ಅಟ್ಟದಿಂದ ಪ್ರೊಸೆಸರಿನ ವಿವರಗಳನ್ನು ತಂದು ಓದಿದಾಗ, ನನ್ನದಾದ ಇಂಟೆಲ್ ಐ5-10400 ಒಪ್ಪಿಕೊಳ್ಳುವ ಪರಮಾವಧಿಯೇ 2666 ಎಂಬುದೂ, ಬಿ460 ವರ್ಗದ ನನ್ನ ಮದರ್‌ಬೋರ್ಡಿಗೆ ಆ ಗೆರೆಯನ್ನು ದಾಟಿಸುವ ಅಧಿಕಾರವಿಲ್ಲವೆಂಬುದೂ ಸ್ಪಷ್ಟವಾಯಿತು. ಎಂದರೆ ಮೊದಲ ದಿನವೇ ಯಾರೋ ನನ್ನ ಮನೆಯಂಗಳದ ಬಾವಿಗೆ ಹಡಗನ್ನು ಮಾರಿದ್ದರು. ಹಡಗೂ ಸುಳ್ಳಲ್ಲ, ಬಾವಿಯೂ ಸುಳ್ಳಲ್ಲ. ನಾನು ಕಳೆದುಕೊಂಡದ್ದು ಮೂರರಲ್ಲೊಂದು ಪಾಲಲ್ಲ, ಐದರಲ್ಲೊಂದು ಪಾಲು ಮಾತ್ರವೆಂದು ಗಣಿತವು ಸಾರಿದಾಗ, ಹಿಂದಿನ ರಾತ್ರಿಯ ದುಃಖದಲ್ಲಿ ಸ್ವಲ್ಪ ಭಾಗವನ್ನು ಹಿಂದಿರುಗಿ ಪಡೆಯುವ ಮಾರ್ಗವಿದ್ದಿದ್ದರೆ ಚೆನ್ನಾಗಿತ್ತೆನಿಸಿತು. 2666ನ್ನು ಆರಿಸಿ, ಎಫ್10 ಒತ್ತಿ, ಮುದ್ರೆ ಹಾಕಿದೆನು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ವಿವೇಕಿಯೆನಿಸಿಕೊಳ್ಳುತ್ತಿದ್ದೆನು. ಆದರೆ ಸಿಪಿಯು-ಝಡ್ ನನ್ನ ಮೆಮೊರಿ ಸಿಂಗಲ್ ಚಾನೆಲಿನಲ್ಲಿದೆಯೆಂದು ಬೇರೆ ಹೇಳಿತ್ತು. ನಾಲ್ಕು ಸ್ಥಾನಗಳಿರುವ ಬೋರ್ಡಿನಲ್ಲಿ ಎರಡೇ ಪಟ್ಟಿಗಳಿದ್ದರೆ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ಸ್ಥಾನದಲ್ಲಿ ಕೂರಿಸಬೇಕೆಂಬುದು ಸಾಮಾನ್ಯ ವಿಧಿ. ನನ್ನವು ಒಂದರ ಪಕ್ಕದಲ್ಲೊಂದು, ಒಂದೇ ದಾರಿಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಕುಳಿತಿದ್ದವು. ವಿದ್ಯುತ್ತನ್ನು ತೆಗೆದು, ಮೈಯ ಸ್ಥಾಯೀವಿದ್ಯುತ್ತು ಹರಿದುಹೋಗಲೆಂದು ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ, ಪಟ್ಟಿಗಳನ್ನು ಕಿತ್ತು ಸ್ಥಾನ ಬದಲಿಸಿ, ಗುಂಡಿಯೊತ್ತಿದೆನು. ಪಂಖ ತಿರುಗಿತು, ತೆರೆ ಕಪ್ಪಾಗಿಯೇ ಉಳಿಯಿತು. ಒಂದು ನಿಮಿಷ. ಎರಡು ನಿಮಿಷ. ದೀಪಾವಳಿ ವಿಶೇಷಾಂಕಕ್ಕೆಂದು ಬರೆದು ಮುಗಿಸಿ ಇನ್ನೂ ಕಳುಹಿಸದಿದ್ದ ಲೇಖನವೊಂದು ಆ ಕತ್ತಲೆಯೊಳಗಿತ್ತು. ನಾನು ಯಾವ ಯಾವ ದೇವರನ್ನು ನೆನೆದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಆಗ ಕಾಫಿಯ ಲೋಟವನ್ನು ಹಿಡಿದು ಬಂದ ನನ್ನ ಹೆಂಡತಿಯು ಒಳಗೆ ಬಗ್ಗಿ ನೋಡಿ, "ಆ ಕಡೆ ಕ್ಲಿಪ್ಪು ಮುಚ್ಚೇ ಇಲ್ಲವಲ್ಲ" ಎಂದು, ಟಿಫನ್ ಕ್ಯಾರಿಯರಿನ ಚಿಲಕವನ್ನು ಅದುಮುವ ಅಭ್ಯಾಸಬಲದಿಂದ ಹೆಬ್ಬೆರಳೂರಿ ಒತ್ತಲು ಹೊರಟಳು. ನಾನು ಅವಳನ್ನು ತಡೆದು, ಮೊದಲು ವಿದ್ಯುತ್ತನ್ನು ತೆಗೆಯಿಸಿದೆನು, ಆಮೇಲೆ ಅವಳು ಒತ್ತಿದಳು. ಟಕ್ ಎಂದಿತು. ಯಂತ್ರವು ಎರಡು ಸಲ ಆರಿ, ಮೂರನೆಯ ಸಲ ಹೊತ್ತಿ, ಏನೂ ಆಗದಂತೆ ಎದ್ದು ಕುಳಿತಿತು.

ವೇಗವನ್ನು ಹೆಚ್ಚಿಸಿದವರು ಪರೀಕ್ಷಿಸದೆ ಬಿಡಬಾರದು; ಸ್ಥಿರವಲ್ಲದ ಮೆಮೊರಿಯು ಎಲ್ಲಿಯೂ ಕೂಗಿಕೊಳ್ಳದೆ ಕಡತಗಳನ್ನು ಕೆಡಿಸುತ್ತದೆ. ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಒಂದಿಡೀ ರಾತ್ರಿ ನಾಲ್ಕು ಪ್ರದಕ್ಷಿಣೆ ಹಾಕಿಸಿದೆನು, ದೋಷ ಸೊನ್ನೆ.

ಲಾಭವೆಷ್ಟು? ಒಂದು ದಾರಿಯಲ್ಲಿ 2133 ಇದ್ದಾಗ ಸೆಕೆಂಡಿಗೆ ಸುಮಾರು 17,000 ಮೆಗಾಬೈಟು. ಎರಡು ದಾರಿಗಳಲ್ಲಿ 2666 ಆದಾಗ 42,600ಕ್ಕೂ ಮೇಲು. ಕಾಗದದ ಮೇಲೆ ಎರಡೂವರೆ ಪಟ್ಟು. ಕನ್ನಡದ 'ಕ್ಷ' ಒಂದನ್ನು ಬರೆಯಲು ಯಂತ್ರಕ್ಕೆ 9 ಬೈಟು ಬೇಕು. ನಾನು ಈ ಜನ್ಮದಲ್ಲಿ ಐವತ್ತು ಲಕ್ಷ ಅಕ್ಷರಗಳನ್ನು ಬರೆದಿರುವೆನೆಂದೂ, ಅವುಗಳಲ್ಲಿ ಒಂದೊಂದೂ ಪಾಪ 'ಕ್ಷ'ವೇ ಎಂದೂ ಇಟ್ಟುಕೊಂಡರೂ, ಅದೆಲ್ಲವೂ ಈ ಹೆದ್ದಾರಿಯಲ್ಲಿ ಸಾಗಿಹೋಗಲು ಸೆಕೆಂಡಿನ ಸಾವಿರದಲ್ಲೊಂದು ಭಾಗ, ಅದರ ಮೇಲೊಂದಿಷ್ಟು ಚೂರು, ಸಾಕು. ಆಟಗಳನ್ನಾಡುವವರಿಗೂ ಚಲನಚಿತ್ರಗಳನ್ನು ಸಂಕಲಿಸುವವರಿಗೂ ಈ ವ್ಯತ್ಯಾಸವು ನಿಜವಾಗಿಯೂ ಕಾಣುತ್ತದೆಂದು ಬಲ್ಲೆನು. ಹಣ ತೆತ್ತ ವೇಗವನ್ನು ಪಡೆಯದೆ ಬಿಡುವುದು ಯಾರಿಗೂ ಶೋಭಿಸದೆಂದೂ ಒಪ್ಪುತ್ತೇನೆ.

ಸೋದರಳಿಯನಿಗೆ ಫೋನು ಮಾಡಿ ವಿಜಯವಾರ್ತೆಯನ್ನು ತಿಳಿಸಿದೆನು. "2666ಆ?" ಎಂದು ಕೇಳಿ, ಒಂದು ಕ್ಷಣ ಮರುಕದಿಂದ ಮೌನವಾಗಿದ್ದು, "ಡಿಡಿಆರ್5 ತೊಗೋ ಮಾವ, ಅದು ಶುರುವಾಗೋದೇ 4800ರಿಂದ" ಎಂದನು. ಆ ಪಟ್ಟಿಗೂ ನನ್ನ ಪಟ್ಟಿಯಷ್ಟೇ, 288 ಹಲ್ಲುಗಳಿದ್ದರೂ ಕಚ್ಚು ಬೇರೆ ಕಡೆ ಇರುವುದರಿಂದ ನನ್ನ ಬೋರ್ಡಿನಲ್ಲಿ ಕೂರುವುದಿಲ್ಲವೆಂದು ಕೂಡಲೇ ಉತ್ತರಿಸುವಷ್ಟು ಪಾಂಡಿತ್ಯವನ್ನು ನಾನು ಅಷ್ಟು ಹೊತ್ತಿಗೆ ಸಂಪಾದಿಸಿದ್ದೆನು.

ಈ ಪ್ರಬಂಧವನ್ನು ಬರೆದದ್ದು ಅದೇ ಯಂತ್ರದಲ್ಲಿ, 2666ರ ವೇಗದಲ್ಲಿ. ಹನ್ನೊಂದು ದಿನ ಹಿಡಿಯಿತು.