ಕೊಬ್ಬರಿಯಲ್ಲ, ಕೊಪ್ರಿ

ಡಬ್ಬಿ ಮನೆಗೇ ಬರುತ್ತದೆ. ಒಳಗೆ ಒಂದು ಸೀಸೆ, ಅದರ ಮುಚ್ಚಳಕ್ಕೆ ಅಂಟಿಕೊಂಡ ಪುಟ್ಟ ಚಮಚ. ಕಡಲೆಕಾಳಿನಷ್ಟು ಮಲ ತುಂಬಿ ಕೊರಿಯರ್ ಮಾಡಿದರೆ ಕೆಲವು ವಾರಗಳಲ್ಲಿ ಮೊಬೈಲಿಗೆ ‘ಕರುಳಿನ ಸ್ಕೋರು’ ಬಂದಿಳಿಯುತ್ತದೆ. ಹಸಿರಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳು, ಕೆಂಪಲ್ಲಿ ಕೆಟ್ಟವು, ಅಡಿಯಲ್ಲಿ ಕೊಳ್ಳಬೇಕಾದ ಪುಡಿಯ ಬೆಲೆ. ಹಸಿರಿಗೆ ಸೇರಬೇಕೋ ಕೆಂಪಿಗೋ ಎಂದು ಇವತ್ತಿಗೂ ಇತ್ಯರ್ಥವಾಗದ ಪ್ರಿವೊಟೆಲ್ಲಾ ಕೊಪ್ರಿಯವರನ್ನೇ ಕೇಳಿದರಾಯಿತಲ್ಲ. ಗಾಳಿ ಸೋಕಿದರೆ ಇವರ ಜೀವಕ್ಕೆ ಕುತ್ತು. ಹಾಗಾಗಿ ಭೇಟಿ ದೊಡ್ಡಕರುಳಿನಲ್ಲೇ, ಕತ್ತಲಲ್ಲಿ.

ಪ್ರಶ್ನೆ: ನೇರವಾಗಿ ಕೇಳುತ್ತೇನೆ. 2013ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಹೊಸದಾಗಿ ರುಮಟಾಯ್ಡ್ ಕೀಲುವಾತ ಪತ್ತೆಯಾದವರ ಕರುಳನ್ನು ಪರೀಕ್ಷಿಸಿದಾಗ ಶೇ. 75 ಮಂದಿಯಲ್ಲಿ ನೀವು ಸಿಕ್ಕಿದಿರಿ. ಆರೋಗ್ಯವಂತರಲ್ಲಿ ಸಿಕ್ಕಿದ್ದು ಶೇ. 21ರಷ್ಟು ಜನರಲ್ಲಿ ಮಾತ್ರ. ಏನು ಹೇಳುತ್ತೀರಿ?

ಕೊಪ್ರಿ: ಆರೋಪ ಆಮೇಲೆ, ಮೊದಲು ಹೆಸರಿನ ವಿಚಾರ ಮುಗಿಯಲಿ. 2007ರಲ್ಲಿ ಜಪಾನಿನ ವಿಜ್ಞಾನಿಗಳು ಮನುಷ್ಯರ ಮಲದಲ್ಲಿದ್ದ ನನ್ನನ್ನು ಬೇರ್ಪಡಿಸಿ ‘ಕೊಪ್ರಿ’ ಎಂದು ನಾಮಕರಣ ಮಾಡಿದರು. ತಿಪಟೂರಿನ ಕೊಬ್ಬರಿಯ ಕಡೆಯ ನೆಂಟಸ್ತಿಕೆ ಇರಬೇಕೆಂದು ಹಿಗ್ಗಿದ್ದೆ. ಗ್ರೀಕಿನಲ್ಲಿ ‘ಕೊಪ್ರೊಸ್’ ಎಂದರೆ ಅಮೇಧ್ಯವಂತೆ! ನನ್ನೊಂದಿಗೇ ಹೆಸರು ಪಡೆದ ದಾಯಾದಿ ಸ್ಟರ್ಕೋರಿಯಾಗೆ ಲ್ಯಾಟಿನ್ನಿನಲ್ಲಿ ಅದನ್ನೇ ಇಟ್ಟರು. ಮನೆತನದ ಹೆಸರೇನೋ ಫ್ರೆಂಚ್ ವಿಜ್ಞಾನಿ ಪ್ರೆವೋ ಅವರ ಗೌರವಕ್ಕೆ. ಕರೆಯುವ ಹೆಸರು ಮಾತ್ರ ತಿಪ್ಪೆಯದು.

ಪ್ರಶ್ನೆ: ನಾನು ಕೇಳಿದ್ದು ಕೀಲುವಾತದ ಬಗ್ಗೆ. ಇರಲಿ, ನನಗೂ ಒಂದು ವ್ಯಾಕರಣದ ಕಾಯಿಲೆಯಿದೆ, ಅದನ್ನೇ ಹೇಳಿಬಿಡುತ್ತೇನೆ. ನ್ಯೂಯಾರ್ಕಿನವರು ಕಂಡದ್ದು ‘ಕೀಲುವಾತದ ಜೊತೆಗೆ ಕೊಪ್ರಿ’ ಎಂಬುದನ್ನು. ಬಾಯಿಂದ ಬಾಯಿಗೆ ದಾಟುವಷ್ಟರಲ್ಲಿ ಅದು ‘ಕೊಪ್ರಿಯಿಂದ ಕೀಲುವಾತ’ ಆಗುತ್ತದೆ. ‘ಇಂದ’ ಎಂಬುದು ಎರಡಕ್ಷರದ ದುಬಾರಿ ಪ್ರತ್ಯಯ. ಕಾಗೆ ಕೂತ ಹೊತ್ತಿಗೆ ಕೊಂಬೆ ಮುರಿಯಿತು ಎನ್ನಲು ಕಣ್ಣಿದ್ದರೆ ಸಾಕು. ಕಾಗೆಯಿಂದಲೇ ಮುರಿಯಿತು ಎನ್ನಬೇಕಾದರೆ ಅದನ್ನು ಎಬ್ಬಿಸಿ ಇನ್ನಷ್ಟು ಕೊಂಬೆಗಳ ಮೇಲೆ ಕೂರಿಸಿ ನೋಡಬೇಕು. ಹಾಗೆ ನೋಡಿದ್ದೂ ಉಂಟು. ನೆದರ್ಲೆಂಡ್ಸಿನಲ್ಲಿ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಸೋಂಕು ಮರುಕಳಿಸಿ ಭೇದಿಗೆ ಬೀಳುತ್ತಿದ್ದವರಿಗೆ ಆರೋಗ್ಯವಂತರ ಮಲವನ್ನು ಕದಡಿ ಸೋಸಿ, ಮೂಗಿನ ನಳಿಕೆಯಲ್ಲಿ ಇಳಿಸಿದರು. 16 ಮಂದಿಯಲ್ಲಿ 13 ಜನ ಒಂದೇ ಸಲಕ್ಕೆ ಗುಣವಾದರು. ಬರೀ ವ್ಯಾಂಕೋಮೈಸಿನ್ ಪಡೆದ 13 ಜನರಲ್ಲಿ ಗುಣವಾದವರು ನಾಲ್ವರು. ಫಲಿತಾಂಶ ಅಷ್ಟು ನಿಚ್ಚಳವಾಗಿದ್ದುದಕ್ಕೆ ಪ್ರಯೋಗವನ್ನು ನಡುವೆಯೇ ನಿಲ್ಲಿಸಿ 2013ರಲ್ಲಿ ಪ್ರಕಟಿಸಿದರು. ಅಲ್ಲಿ ‘ಇಂದ’ ಎನ್ನಲು ಅಡ್ಡಿಯಿಲ್ಲ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಔಷಧದ ಶಕ್ತಿ ಉಡುಗಿಸುವ ಎಗರ್ಥೆಲ್ಲಾ ಲೆಂಟಾದ ವಿಷಯವೂ ಹಾಗೆಯೇ. ಅದರ ಎಲ್ಲ ತಳಿಗಳೂ ಆ ಕೆಲಸ ಮಾಡವು, ಮಾಡುವ ತಳಿಗಳಲ್ಲಿರುವ ಜೀನುಗಳನ್ನು ಗುರುತಿಸಿದ್ದಾರೆ. ಕೆಲಸ ಜೀನಿನದು, ಹೆಸರಿನದಲ್ಲ.

ಕೊಪ್ರಿ: ಹೆಸರಿನ ಮಾತಿಗೆ ಬಂದಿರಲ್ಲ, ಸದ್ಯ! ಕೇಳಿ. 2015ರಲ್ಲಿ ಸ್ವೀಡನ್ನಿನವರು 39 ಜನರಿಗೆ ಮೂರು ದಿನ ಬಾರ್ಲಿ ಬ್ರೆಡ್ ತಿನ್ನಿಸಿದರು. ರಕ್ತದ ಸಕ್ಕರೆ ಚೆನ್ನಾಗಿ ಹತೋಟಿಗೆ ಬಂದವರಲ್ಲಿ ನಮ್ಮ ಮನೆತನದವರು ಜಾಸ್ತಿ ಎಂದರು. ನನ್ನನ್ನು ಇಲಿಗೆ ಕೊಟ್ಟು ಹೌದೆಂದೂ ತೋರಿಸಿದರು. ಮರುವರ್ಷ ಡೆನ್ಮಾರ್ಕಿನವರು 277 ಜನರನ್ನು ಪರೀಕ್ಷಿಸಿ, ದೇಹ ಇನ್ಸುಲಿನ್ನಿನ ಮಾತು ಕೇಳದಿರುವುದರಲ್ಲಿ ನನ್ನ ಕೈವಾಡವಿದೆ ಎಂದರು. ಅವರೂ ಇಲಿಯಲ್ಲೇ ತೋರಿಸಿದರು. ಅವರ ಇಲಿ ತಿಂದದ್ದು ಕೊಬ್ಬು ತುಂಬಿದ ಆಹಾರ ಎಂಬುದನ್ನು ಸ್ಕೋರು ಮಾರುವವರು ಹೇಳುವುದಿಲ್ಲ. 2019ರಲ್ಲಿ ನಮ್ಮ ಸಾವಿರಕ್ಕೂ ಹೆಚ್ಚು ಜೀನೋಮ್‌ಗಳನ್ನು ಓದಿದ ಮೇಲೆ ತಿಳಿಯಿತು, ನಾನೆಂಬುದು ಒಂದಲ್ಲ, ನಾಲ್ಕು ಕವಲು. ಕವಲಿಗೂ ಕವಲಿಗೂ ಶೇ. 10ಕ್ಕಿಂತ ಹೆಚ್ಚಿನ ಅಂತರ. ನಿಮಗೂ ಚಿಂಪಾಂಜಿಗೂ ಡಿಎನ್ಎಯ ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಇರುವುದು ಶೇ. 1ರ ಆಸುಪಾಸು. ನಾಲ್ಕು ಮನೆಯವರಿಗೆ ಸೇರಿಸಿ ಒಂದೇ ಹೆಸರು, ಅದೂ ಅಂಥದ್ದು!

ಪ್ರಶ್ನೆ: ‘ಏನೋ ಒಂದಿಷ್ಟು ತಿಳಿಯುತ್ತದಲ್ಲ, ಸ್ಕೋರು ನೋಡಿದರೆ ನಷ್ಟವೇನು?’ ಎನ್ನುವವರಿದ್ದಾರೆ. ನೂರಕ್ಕೆ ಅರವತ್ತು ಎಂದರೆ ಯಾರ ನೂರು? ಮನುಷ್ಯರ ಮೈಯ ಸೂಕ್ಷ್ಮಜೀವಿಗಳ ಬಗ್ಗೆ ಜಗತ್ತಿನ ಸಾರ್ವಜನಿಕ ದತ್ತಾಂಶದಲ್ಲಿ ದೇಶ ಗೊತ್ತಿರುವ ಮಾದರಿಗಳ ಪೈಕಿ ಶೇ. 70ಕ್ಕೂ ಹೆಚ್ಚು ಯುರೋಪ್, ಅಮೆರಿಕ, ಕೆನಡಾಗಳವು ಎಂದು 2022ರಲ್ಲಿ ಎಣಿಸಿ ತೋರಿಸಿದ್ದಾರೆ. ಅಲ್ಲಿರುವ ಜನ ಪ್ರಪಂಚದ ಶೇ. 14ರಷ್ಟು. ಭೋಪಾಲ್ ಮತ್ತು ಕೇರಳದ 110 ಆರೋಗ್ಯವಂತರನ್ನು ನೋಡಿದ 2019ರ ಅಧ್ಯಯನದಲ್ಲಿ ಭಾರತೀಯ ಕರುಳಿನ ದೊಡ್ಡ ಒಕ್ಕಲು ನಿಮ್ಮ ಪ್ರಿವೊಟೆಲ್ಲಾ ಮನೆತನವೇ. ಕಾಳು ಧಾನ್ಯ ಉಣ್ಣುವವರ ಕರುಳನ್ನು ಬೇರೆ ಊಟದವರ ಅಳತೆಗೋಲಿಟ್ಟು ಅಳೆದರೆ ಬರುವ ಅಂಕಿ ರೋಗ ಹೇಳುತ್ತದೋ, ಊಟ ಹೇಳುತ್ತದೋ?

ಇಲ್ಲಿಗೆ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆಟಿಸಂ ಇರುವ ಮಕ್ಕಳ ತಾಯಿತಂದೆಯರಿಗೂ ಇದೇ ಪ್ರತ್ಯಯವನ್ನು ಮಾರುತ್ತಾರೆ. ಕರುಳಿನಿಂದ ಆಟಿಸಂ, ಕರುಳು ಸರಿಮಾಡಿಸಿಕೊಳ್ಳಿ ಎನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ 247 ಮಕ್ಕಳ ಮಲದ ಡಿಎನ್ಎ ಓದಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು ಇದರ ತಿರುವುಮುರುವು. ಇಂಥ ಮಕ್ಕಳು ಕೆಲವೇ ತಿನಿಸುಗಳಿಗೆ ಒಗ್ಗಿಕೊಳ್ಳುತ್ತವೆ, ತಟ್ಟೆ ಚಿಕ್ಕದಾದಂತೆ ಬ್ಯಾಕ್ಟೀರಿಯಾಗಳ ವೈವಿಧ್ಯವೂ ಚಿಕ್ಕದಾಗುತ್ತದೆ. ಇದೂ ಒಂದು ಹೊತ್ತಿನ ಚಿತ್ರವೇ, ಕೊನೆಯ ಮಾತಲ್ಲ, ಒಪ್ಪೋಣ. ಆದರೆ ಪುರಾವೆ ಕೊಡಬೇಕಾದ್ದು ‘ಇಂದ’ ಮಾರುವವರು, ಕೊಳ್ಳುವವರಲ್ಲ. ಮೊಸರನ್ನ, ಚಪಾತಿ ಬಿಟ್ಟು ಬೇರೇನೂ ಮುಟ್ಟದ ಮಗುವಿನ ಮುಂದಿನಿಂದ ಅವರ ಮಾತು ಕೇಳಿ ಹಾಲನ್ನೂ ಗೋಧಿಯನ್ನೂ ಎತ್ತಿಟ್ಟರೆ ಅದು ಏನು ತಿನ್ನಬೇಕು? ರಾತ್ರಿಯೆಲ್ಲ ‘ನಾನು ಕೊಟ್ಟ ಊಟದಿಂದಲೇ ಹೀಗಾಯಿತೇ’ ಎಂದು ಕೊರಗುವ ತಾಯಿಗೆ ಆ ಕೊರಗನ್ನು ಕೊಟ್ಟು, ಅದಕ್ಕೆ ದುಡ್ಡನ್ನೂ ಎಣಿಸಿಕೊಳ್ಳುವವರಿಗೆ ನಾಚಿಕೆಯಾಗಬೇಕು.

ಕೊಪ್ರಿ: ಮುಗಿಯಿತೇ? ಈಗಲಾದರೂ ಹೆಸರಿಗೆ ಬನ್ನಿ. ಇದ್ದೊಂದು ಮರ್ಯಾದಸ್ಥ ಮನೆತನದ ಹೆಸರನ್ನೂ 2022ರಲ್ಲಿ ಬದಲಾಯಿಸಿದರು. ಇಟಲಿಯ ಟ್ರೆಂಟೊದಲ್ಲಿ ನಮ್ಮ ಜೀನೋಮ್ ಓದುವ ನಿಕೊಲಾ ಸೆಗಾಟಾ ಅವರ ಗೌರವಕ್ಕೆ ಈಗ ‘ಸೆಗಟೆಲ್ಲಾ ಕೊಪ್ರಿ’. ಗೌರವವೇನೋ ಸರಿ, ಕನ್ನಡದ ಕಿವಿಗೆ ಹೇಗೆ ಕೇಳಿಸೀತೆಂದು ಯಾರಾದರೂ ಯೋಚಿಸಿದರೇ? ಅಚ್ಚಿಗೆ ಕಳಿಸುವ ಮುನ್ನ ಪ್ರೂಫ್ ನೀವೇ ನೋಡಿ. ‘ಟೆಲ್ಲಾ’ ಹೋಗಿ ಆ ಜಾಗದಲ್ಲಿ ‘ಣಿ’ ಬಂತೋ, ನಾಲ್ಕೂ ಮನೆಯವರು ಸೇರಿ ಮುಷ್ಕರ ಹೂಡುತ್ತೇವೆ. ಮಾರನೆಯ ಬೆಳಗ್ಗೆ ನಿಮಗೇ ಗೊತ್ತಾಗುತ್ತದೆ.