ಹೆಡ್ಡು ಹೊಸದು, ಜ್ವರ ಹಳೆಯದು

ಹಳೇ ಕಾರಿನ ಇಂಜಿನ್ನಿಗೆ ಹೊಸ ಸಿಲಿಂಡರ್ ಹೆಡ್ ಕೂರಿಸಿದ ಮೇಲೆ ನನ್ನ ಜೇಬು ತಣ್ಣಗಾಯಿತು, ಇಂಜಿನ್ ಆಗಲಿಲ್ಲ. ಚಾರ್ಮಾಡಿ ಘಾಟಿ ಹತ್ತುವಾಗ ಮತ್ತೆ ಮುಳ್ಳು ಕೆಂಪು ಗೆರೆ ಮುಟ್ಟಿತು. ಮೇಸ್ತ್ರಿ ಥರ್ಮೋಸ್ಟಾಟನ್ನು ಬಿಸಿನೀರಿಗೆ ಹಾಕಿ ನೋಡಿದ. ಸುಮಾರು 85 ಡಿಗ್ರಿಗೆ ಬಾಯಿ ಬಿಟ್ಟಿತು, ಪಾಪ, ನಿರಪರಾಧಿ. ರೇಡಿಯೇಟರ್ ಮುಚ್ಚಳವೂ ಬದಲಾಯಿತು. ಅದು ಕುಕ್ಕರ್ ವಿಷಲ್ಲಿನ ತಂಗಿ. ಒತ್ತಡ ಹಿಡಿದಿಟ್ಟರೆ ನೀರು 100 ಡಿಗ್ರಿ ದಾಟಿದರೂ ಕುದಿಯದು. ಜ್ವರ ಇಳಿಯಲಿಲ್ಲ. "ಗ್ಯಾಸ್ಕೆಟ್ ಉಲ್ಟಾ ಹಾಕಿದೀಯೇನಪ್ಪಾ?" ಎಂದೆ. ಮೂರು ದಿನ ಮಾತು ಬಿಟ್ಟ.

ಕೊನೆಗೆ ಅವನ ಕೈಕೆಳಗಿನ ಹುಡುಗ, ಇನ್ನೂ ಮೀಸೆ ಚಿಗುರದವನು, ಕಾರಿನ ಮೂತಿಯನ್ನು ದಿಬ್ಬಕ್ಕೇರಿಸಿ, ತಣ್ಣಗಿದ್ದಾಗಲೇ ಮುಚ್ಚಳ ತೆಗೆದು, ಹೀಟರ್ ತಿರುಗಿಸಿ ಇಂಜಿನ್ ಚಾಲೂ ಮಾಡಿದ. ಗುಳುಗುಳು ಗುಳ್ಳೆಗಳು! ಹೆಡ್ ಬದಲಿಸುವಾಗ ಒಳಗೆ ಸಿಕ್ಕಿಕೊಂಡಿದ್ದ ಗಾಳಿ.

"ಬರೀ ಗ್ಯಾಸು, ಸಾರ್."

ಹೆಂಡತಿ ನನ್ನ ಹೊಟ್ಟೆಯತ್ತ ನೋಡಿದಳು.